ಕೊಚ್ಚಿಯಿಂದ ಸೀಶೆಲ್ಸ್‌ಗೆ ಹಾಯಿದೋಣಿಯಲ್ಲಿ ಹೋಗಬಹುದಾ?

ಪ್ರಶ್ನೆ: ಸರ್, ನನಗೆ 34 ವರ್ಷ, ಸಕಲೇಶಪುರದ ಹತ್ತಿರ ಕಾಫಿ ತೋಟ ನೋಡಿಕೊಂಡಿದ್ದೇನೆ. ಹಾಸನದಲ್ಲಿ ಜೊತೆಗೆ ಓದಿದ ಗೆಳೆಯನ ಹತ್ತಿರ 38 ಅಡಿಯ ಹಾಯಿದೋಣಿ ಇದೆ. ಜನವರಿ ಮಧ್ಯದಲ್ಲಿ ಕೊಚ್ಚಿಯಿಂದ ಸೀಶೆಲ್ಸ್ ದ್ವೀಪಗಳಿಗೆ ಹೊರಡೋಣ, ಮೂರು ಜನ ಸಾಕು, ನೀನೂ ಬಾ ಅಂತಿದ್ದಾನೆ. ಹೇಮಾವತಿಯಲ್ಲಿ ಈಜಿ ಬೆಳೆದವನು ನಾನು. ಆದರೆ ಕಡಲ ಮೇಲೆ ಎರಡು ಗಂಟೆಗಿಂತ ಜಾಸ್ತಿ ಇದ್ದಿಲ್ಲ. ಫೆಬ್ರವರಿ 10ಕ್ಕೆ ತಂಗಿ ಮದುವೆ, ಅಷ್ಟರೊಳಗೆ ವಿಮಾನದಲ್ಲಿ ವಾಪಸ್ ಬರಬೇಕು. ಅಪ್ಪ ಬೇಡವೇ ಬೇಡ ಅಂತಾರೆ. ಏನು ಮಾಡಲಿ?

ಉತ್ತರ: ಹೋಗಬಹುದು. ಆದರೆ ಈ ಮದುವೆಗೆ ಮುಂಚೆ ಬೇಡ.

ದೂರ ಸುಮಾರು 1,500 ನಾಟಿಕಲ್ ಮೈಲಿ, ಅಂದರೆ 2,800 ಕಿಲೋಮೀಟರ್ ಹತ್ತಿರ. ಗಂಟೆಗೆ 5 ಮೈಲಿ ಹೋದರೆ ದಿನಕ್ಕೆ 120, ಕಾಗದದ ಮೇಲೆ ಹದಿಮೂರು ದಿನಕ್ಕೆ ಮುಗಿಯಿತು. ಜನವರಿಯಲ್ಲಿ ಈಶಾನ್ಯದ ಗಾಳಿ ಬೆನ್ನಿಗೆ ಸಿಗುತ್ತದೆ, ನಿಮ್ಮ ಗೆಳೆಯ ಒಳ್ಳೆಯ ತಿಂಗಳನ್ನೇ ಆರಿಸಿದ್ದಾರೆ. ಆದರೆ ಭೂಮಧ್ಯರೇಖೆ ಹತ್ತಿರ ಗಾಳಿ ಸತ್ತು ಹೋಗುವ ಪಟ್ಟಿ ಇದೆ. ಅಲ್ಲಿ ಹಾಯಿ ಜೋತುಬಿದ್ದು ದಿನಗಟ್ಟಲೆ ಕೂರಬೇಕಾಗಬಹುದು, ಹದಿಮೂರು ದಿನ ಮೂರು ವಾರವೂ ಆಗಬಹುದು. ಕಣದಲ್ಲಿ ಕಾಫಿ ಹರಡಿದಾಗ ನೀವು ಕ್ಯಾಲೆಂಡರ್ ನೋಡ್ತೀರಾ, ಮೋಡ ನೋಡ್ತೀರಾ? ಇಲ್ಲೂ ಹಾಗೇ.

ನಾನು ಇದನ್ನು ಪೆಟ್ಟು ತಿಂದು ಕಲಿತೆ. ಒಮ್ಮೆ ಜೊತೆಗಾರನ ರಜೆ ಮುಗಿಯುತ್ತೆ ಅಂತ, ದೋಣಿ ತಳದ ನೀರು ಹೊರಹಾಕುವ ಪಂಪಿನ ಸ್ವಿಚ್ ಕೆಟ್ಟಿದ್ದು ಗೊತ್ತಿದ್ದೂ, ಆಮೇಲೆ ನೋಡೋಣ ಅಂತ ಹೊರಟುಬಿಟ್ಟೆವು. ಎರಡನೇ ರಾತ್ರಿ ಮಲಗಿದ್ದವನು ಕಾಲು ಕೆಳಗಿಟ್ಟರೆ ಪಾದ ಮುಳುಗುವಷ್ಟು ನೀರು. ಬೆಳಗಿನವರೆಗೆ ಬಕೆಟ್‌ನಲ್ಲಿ ಎತ್ತಿ ಹೊಯ್ದು, ವಾಪಸ್ ತಿರುಗಿಸಿದೆವು. ಆ ರಿಪೇರಿಗೆ ಬೇಕಾಗಿದ್ದು ಅರ್ಧ ದಿನ.

ಹೊರಡುವುದು ನಸುಕಿನಲ್ಲೇ ಆಗಲಿ. ಆಗ ನೆಲದ ಕಡೆಯಿಂದ ತಂಗಾಳಿ ಇರುತ್ತದೆ, ಮೇಲಾಗಿ ಮೀನುಗಾರರ ಬಲೆಗಳನ್ನೆಲ್ಲ ಬೆಳಕಿದ್ದಾಗಲೇ ದಾಟಬಹುದು. ಮೊದಲ ರಾತ್ರಿಯೇ ಕಷ್ಟ. ಸುತ್ತ ದೋಣಿಗಳ ದೀಪ, ಆಚೆ ದೊಡ್ಡ ಹಡಗುಗಳ ದಾರಿ, ಅದೇ ಹೊತ್ತಿಗೆ ನಿಮಗೆ ವಾಂತಿ. ವಾಂತಿ ಆಗೇ ಆಗುತ್ತೆ ಅಂದುಕೊಳ್ಳಿ, ಹೆಚ್ಚಿನವರಿಗೆ ಎರಡು ಮೂರು ದಿನಕ್ಕೆ ಹೊಂದಿಕೆಯಾಗುತ್ತದೆ. ಡಾಕ್ಟರನ್ನು ಕೇಳಿ ಮಾತ್ರೆಯನ್ನು ಹೊರಡುವ ಮುಂಚೆಯೇ ತಗೊಳ್ಳಿ, ಶುರುವಾದ ಮೇಲೆ ನುಂಗಿದ್ದು ಹೊಟ್ಟೆಯಲ್ಲಿ ನಿಲ್ಲಲ್ಲ. ಒಳಗೆ ಮಲಗಿ ಒದ್ದಾಡುವ ಬದಲು ಹೊರಗೆ ಕೂತು ಕಡಲು ಆಕಾಶ ಸೇರುವ ದೂರದ ಅಂಚು ನೋಡಿ, ಗುಟುಕು ಗುಟುಕಾಗಿ ನೀರು ಕುಡಿಯುತ್ತಾ ಇರಿ.

ಈಜು ಬರುತ್ತೆ ಅಂದಿರಿ. ಸಂತೋಷ, ಆದರೆ ಅದನ್ನು ನಂಬಿಕೊಳ್ಳಬೇಡಿ. ನೀವು ನೀರಿಗೆ ಬಿದ್ದರೆ, ಗಂಟೆಗೆ 5 ನಾಟಿಕಲ್ ಮೈಲಿ ವೇಗದಲ್ಲಿ ಹೋಗುವ ದೋಣಿ ಒಂದು ನಿಮಿಷದಲ್ಲಿ 150 ಮೀಟರ್ ಮುಂದೆ ಹೋಗಿರುತ್ತದೆ. ಅಷ್ಟು ದೂರದಿಂದ ಅಲೆಗಳ ನಡುವೆ ನಿಮ್ಮ ತಲೆ ತೇಲುವ ತೆಂಗಿನಕಾಯಿಯಷ್ಟೇ, ರಾತ್ರಿಯಾದರೆ ಅದೂ ಕಾಣಲ್ಲ. ಕತ್ತಲಾದ ಮೇಲೆ, ಒಬ್ಬರೇ ಇದ್ದಾಗ, ಮೂತ್ರಕ್ಕೆ ಎದ್ದರೂ ಸರಿ, ಸೊಂಟದ ಹಗ್ಗದ ಕೊಕ್ಕೆಯನ್ನು ದೋಣಿಗೆ ಸಿಕ್ಕಿಸದೆ ಹೆಜ್ಜೆ ಇಡಬೇಡಿ. ಮೂರು ಗಂಟೆ ಕಾವಲು, ಆರು ಗಂಟೆ ನಿದ್ದೆ, ಹೀಗೆ ಪಾಳಿ ಹಾಕಿಕೊಂಡರೆ ಮೂರು ಜನಕ್ಕೆ ಸರಿಹೋಗುತ್ತದೆ. ಕಾವಲಿನಲ್ಲಿದ್ದಾಗ ಹತ್ತು ನಿಮಿಷಕ್ಕೊಮ್ಮೆ ಸುತ್ತಲೂ ಕಣ್ಣಾಡಿಸಿ, ಅಂಚಿನಲ್ಲಿ ಕಂಡ ಹಡಗು ಇಪ್ಪತ್ತು ನಿಮಿಷದಲ್ಲಿ ನಿಮ್ಮ ಮೇಲೇ ಬಂದಿರಬಹುದು.

ಊಟದ ವಿಷಯದಲ್ಲಿ ನಿಮ್ಮ ಅಮ್ಮನನ್ನೇ ಕೇಳಿ. ಮಳೆಗಾಲಕ್ಕೆ ಸಾಮಾನು ತುಂಬಿಡುವ ಮಲೆನಾಡಿನ ಮನೆಯವರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಬಣ್ಣದ ಸೌತೆಯನ್ನು ಬಾಳೆಪಟ್ಟೆಯಲ್ಲಿ ಕಟ್ಟಿ ಅಟ್ಟದಿಂದ ಇಳಿಬಿಡುತ್ತಾರಲ್ಲ, ಒಂದಕ್ಕೊಂದು ತಾಗದ ಹಾಗೆ? ದೋಣಿಯಲ್ಲಿ ನಾವು ಅದನ್ನೇ ಬಲೆಚೀಲದಲ್ಲಿ ಮಾಡುವುದು. ಗಾಳಿ ಆಡುತ್ತದೆ, ಅಲೆಗೆ ತೂಗುತ್ತದೆ, ಜಜ್ಜುವುದಿಲ್ಲ. ಸೌತೆ, ಕುಂಬಳ, ಸುವರ್ಣಗಡ್ಡೆ ಧಾರಾಳವಾಗಿ ಒಯ್ಯಿರಿ. ಈರುಳ್ಳಿ, ಆಲೂಗಡ್ಡೆ ಬೇರೆ ಬೇರೆ ಚೀಲಕ್ಕೆ ಹಾಕಿ, ಒಟ್ಟಿಗಿದ್ದರೆ ಬೇಗ ಮೊಳಕೆ. ರಟ್ಟಿನ ಪೆಟ್ಟಿಗೆ ದಡದಲ್ಲೇ ಬಿಡಿ, ಅದರೊಳಗೆ ಜಿರಳೆ ಮೊಟ್ಟೆ ಬರುತ್ತೆ. ಅಡುಗೆಗೆ ಕುಕ್ಕರ್‌ನಂಥದ್ದು ಇನ್ನೊಂದಿಲ್ಲ, ದೋಣಿ ಎಷ್ಟೇ ವಾಲಿದರೂ ಮುಚ್ಚಳ ಬಿಗಿಯಾಗಿರುವುದರಿಂದ ಬಿಸಿ ಗಂಜಿ ಮೈಮೇಲೆ ಚೆಲ್ಲಲ್ಲ. ನೀರು ತಲೆಗೆ ದಿನಕ್ಕೆ 4 ಲೀಟರ್ ಲೆಕ್ಕ. ಮೂರು ಜನ, 25 ದಿನ, 300 ಲೀಟರ್. ಎಲ್ಲವನ್ನೂ ಒಂದೇ ಟ್ಯಾಂಕಿಗೆ ತುಂಬಬೇಡಿ, ಅದೊಂದು ಸೋರಿದರೆ ಮುಗಿಯಿತು.

ಪಾಸ್‌ಪೋರ್ಟಿಗೆ ಇಮಿಗ್ರೇಶನ್ ಮುದ್ರೆ, ಬಂದರಿನ ಕ್ಲಿಯರೆನ್ಸ್ ಕಾಗದ ಎರಡೂ ಬೇಕು, ಇಲ್ಲವಾದರೆ ಆ ಕಡೆ ತೊಂದರೆ. ಸ್ಯಾಟಲೈಟ್ ಫೋನನ್ನು ಅನುಮತಿ ಇಲ್ಲದೆ ಇಟ್ಟುಕೊಳ್ಳುವುದು ನಮ್ಮ ದೇಶದಲ್ಲಿ ಅಪರಾಧ, ಗೆಳೆಯರನ್ನು ಮೊದಲೇ ವಿಚಾರಿಸಿ. 2023ರ ಕೊನೆಯಿಂದ ಸೊಮಾಲಿಯಾ ಕಡೆಯ ಕಡಲುಗಳ್ಳರ ಕಾಟ ಮತ್ತೆ ಶುರುವಾಯಿತು, ಆದ್ದರಿಂದ ಯಾವ ದಾರಿ, ಯಾರಿಗೆ ವರದಿ ಕೊಡುತ್ತಾ ಹೋಗುತ್ತೀರಿ ಅಂತಲೂ ಕೇಳಿ.

ಇನ್ನು ಅಪ್ಪ. ಜನವರಿ ಅಂದರೆ ರೋಬಸ್ಟಾ ಕುಯ್ಲು, ಮನೆಯಲ್ಲಿ ಮದುವೆ, ಅವರು ಬೇಡ ಅನ್ನುವುದರಲ್ಲಿ ತಪ್ಪೇನಿದೆ? ಈ ವರ್ಷ ಡಿಸೆಂಬರಿನಲ್ಲಿ ಅದೇ ದೋಣಿಯಲ್ಲಿ ಎರಡು ರಾತ್ರಿ ಕೊಚ್ಚಿಯ ಹೊರಗೆ ಹೋಗಿ ಬನ್ನಿ. ಅಲ್ಲಿ ನಿಮ್ಮ ಹೊಟ್ಟೆ, ನಿಮ್ಮ ನಿದ್ದೆ, ಗೆಳೆಯರ ಸಿಟ್ಟು ಎಲ್ಲ ಗೊತ್ತಾಗುತ್ತದೆ. ಮದುವೆ ಮುಗಿದ ಮೇಲೆ ಬರುವ ಜನವರಿಗೆ ಹೊರಡಿ, ವಾಪಸ್ ಟಿಕೆಟ್ ತಲುಪಿದ ಮೇಲೆ ತೆಗೆಸಿ. ಡಿಸೆಂಬರಿಗೆ ಹೋಗುವಾಗ ಅಪ್ಪನನ್ನೂ ಕರೆದುಕೊಂಡು ಹೋಗಿ ದೋಣಿ ಹತ್ತಿಸಿ. ದೋಣಿ ಮುಳುಗಿದರೆ ಹತ್ತುವ ತೆಪ್ಪ, ಅಂದರೆ ಲೈಫ್ ರಾಫ್ಟ್, ಸರ್ವಿಸ್ ಆದ ತಾರೀಖು, ಅಪಾಯದ ಸಂಕೇತ ಕಳಿಸುವ ಪೆಟ್ಟಿಗೆಯ ಬ್ಯಾಟರಿ ಮುಗಿಯುವ ತಾರೀಖು, ಎರಡನ್ನೂ ಅವರೇ ಕನ್ನಡಕ ಹಾಕಿಕೊಂಡು ಓದಲಿ.