ಅಣ್ಣ ಕಿಡ್ನಿ ಕೊಡೋಕೆ ಹಿಂದೆಮುಂದೆ ನೋಡ್ತಿದ್ದಾನೆ, ಹೇಗೆ ಒಪ್ಪಿಸೋದು?

ಒಪ್ಪಿಸಬೇಡಿ. ನಾನು ಒಪ್ಪಿಸೋಕೆ ಹೋಗಿ ಕೆಟ್ಟವನು.

ಗೌರಿ ಹಬ್ಬಕ್ಕೆ ಮಂಡ್ಯದ ಮನೆಯಲ್ಲಿ ಎಲ್ಲ ಸೇರಿದ್ದಾಗ, ಎಲೆ ಮುಂದೆ ಕೂತಿದ್ದ ಅಣ್ಣನನ್ನ ಅವ್ವನ ಎದುರಲ್ಲೇ 'ನನಗೆ ಕಿಡ್ನಿ ಕೊಡ್ತೀಯಾ' ಅಂತ ಕೇಳಿಬಿಟ್ಟೆ. 'ಕೊಡ್ತೀನಿ ಬಿಡೋ' ಅಂದ. ಒಬ್ಬಟ್ಟು ಬಡಿಸ್ತಿದ್ದ ಅತ್ತಿಗೆ ಕೈ ಅಲ್ಲೇ ನಿಂತಿತು. ನೋಡಿಯೂ ನೋಡದವನ ಹಾಗಿದ್ದೆ.

ಆ ಮಾತು ನಂಬಿ, ಹೇಗೂ ಇನ್ನೆರಡು ತಿಂಗಳಲ್ಲಿ ಆಪರೇಷನ್ ಆಗುತ್ತಲ್ಲ ಅಂತ, ದುಡ್ಡು ಉಳಿಸೋಕೆ ರಕ್ತ ಹೆಚ್ಚಿಸೋ ಎರಿಥ್ರೋಪೊಯೆಟಿನ್ ಇಂಜೆಕ್ಷನ್ ನಿಲ್ಲಿಸಿದೆ. ಎಚ್‌ಬಿ (ಹಿಮೋಗ್ಲೋಬಿನ್) 6ಕ್ಕೆ ಇಳೀತು, ಎರಡು ಬಾಟಲಿ ರಕ್ತ ಹಾಕಿದರು. ತಪ್ಪು ಅಂದರೆ ಇದೇ, ಬಿಡಿಸಿ ಹೇಳ್ತೀನಿ. ಹಾಕಿಸಿಕೊಂಡ ರಕ್ತದಲ್ಲಿ ಬೇರೆಯವರ ಬಿಳಿ ಕಣಗಳಿರುತ್ತವೆ. ಅವುಗಳ ಗುರುತು ಹಿಡಿದು ನಮ್ಮ ಮೈ ಪ್ರತಿಕಾಯ ಮಾಡಿಟ್ಟುಕೊಳ್ಳುತ್ತೆ. ಮುಂದೆ ಅದೇ ಗುರುತಿನ ಕಿಡ್ನಿ ಬಂದರೆ ಅದರ ಮೇಲೆ ಬೀಳುತ್ತೆ. ಕೊಡೋರ ಕಿಡ್ನಿ ಎಷ್ಟು ಕೆಲಸ ಮಾಡುತ್ತೆ ಅಂತ ನೋಡೋ ಡಿಟಿಪಿಎ ಸ್ಕ್ಯಾನ್ ದಿನ ಅಣ್ಣ ಫೋನೇ ಎತ್ತಲಿಲ್ಲ. ತಾನಾಗೇ ಬಂದವಳು ಮದುವೆಯಾಗಿ ಹೋಗಿದ್ದ ತಂಗಿ, ಯಾರಿಗಾದರೂ ಕೂಡೋ ಓ ಗುಂಪು. ನನ್ನ ರಕ್ತದ ಪ್ರತಿಕಾಯ ಅವಳ ಕಣಗಳ ಮೇಲೆ ಬೀಳುತ್ತಾ ಅಂತ ನೋಡೋ ಕ್ರಾಸ್‌ಮ್ಯಾಚ್ 'ಪಾಸಿಟಿವ್' ಬಂತು. ರಿಪೋರ್ಟ್ ಓದಿ ಅವಳು ಖುಷಿಪಟ್ಟಳು, ಪಾಪ. ಪಾಸಿಟಿವ್ ಅಂದರೆ ಆಗಲ್ಲ ಅಂತ ಅರ್ಥ.

ನೀವು ಒಬ್ಬರ ಬೆನ್ನು ಹತ್ತಬೇಡಿ. ಮೊದಲು ಮನೆಯವರೆಲ್ಲರ ರಕ್ತದ ಗುಂಪು ನೋಡಿ. ಪ್ಲಸ್ ಮೈನಸ್ ಇಲ್ಲಿ ಲೆಕ್ಕಕ್ಕಿಲ್ಲ. ತಂದೆತಾಯಿ, ಗಂಡಹೆಂಡತಿ, ಮಕ್ಕಳು, ಒಡಹುಟ್ಟಿದವರು, ಅಜ್ಜಅಜ್ಜಿ, ಮೊಮ್ಮಕ್ಕಳು ಅಂಗಾಂಗ ಕಸಿ ಕಾನೂನಿನ ಪ್ರಕಾರ ಹತ್ತಿರದ ಸಂಬಂಧಿಗಳು. ಭಾವ, ಸೋದರಮಾವ, ಚಿಕ್ಕಪ್ಪನ ಮಕ್ಕಳಾದರೆ ಅನುಮತಿ ಸಮಿತಿ ಮುಂದೆ ಹೋಗಬೇಕು. ಗುಂಪು ಕೂಡದಿದ್ದರೆ ಅದೇ ಪಾಡಿನ ಇನ್ನೊಂದು ಕುಟುಂಬದ ಜೊತೆ ಅದಲುಬದಲು ಮಾಡಿಕೊಳ್ಳೋಕೆ ಆ ಕಾನೂನಿನ 2011ರ ತಿದ್ದುಪಡಿಯಲ್ಲಿ ಅವಕಾಶ ಇದೆ. ಕಸಿ ಮಾಡುವ ಆಸ್ಪತ್ರೆ ಮೂಲಕ, ತೀರಿಕೊಂಡವರ ಅಂಗ ಹಂಚೋ ರಾಜ್ಯದ ಸಂಸ್ಥೆ 'ಜೀವಸಾರ್ಥಕತೆ'ಯಲ್ಲೂ ಹೆಸರು ಬರೆಸಿ. ನನ್ನದೂ ಅಲ್ಲೇ ಇದೆ.

ಅಣ್ಣನನ್ನ ನೆಫ್ರಾಲಜಿಸ್ಟ್ (ಕಿಡ್ನಿ ಡಾಕ್ಟರ್) ಹತ್ತಿರ ಒಬ್ಬನನ್ನೇ ಕಳಿಸಿ. ಮನಸ್ಸಿಲ್ಲದಿದ್ದರೆ ಅಲ್ಲಿ ಹೇಳಿಕೊಳ್ಳಲಿ. 'ಇವರದ್ದು ಆಗಲ್ಲ' ಅಂತಷ್ಟೇ ಹೊರಗೆ ಬಂದರೆ ಅವನ ಮರ್ಯಾದೆನೂ ಉಳಿಯುತ್ತೆ. ಅತ್ತಿಗೆಗೆ ನಿಜ ಹೇಳಿ: ಕೊಟ್ಟವರು ಆಸ್ಪತ್ರೆಯಲ್ಲಿರೋದು ಮೂರರಿಂದ ಐದು ದಿನ, ಆರು ವಾರ ಭತ್ತದ ಮೂಟೆ ಎತ್ತೋ ಹಾಗಿಲ್ಲ. ಆಮೇಲೆ ವರ್ಷಕ್ಕೊಮ್ಮೆ ಬಿಪಿ, ಕ್ರಿಯಾಟಿನಿನ್ (ಕಿಡ್ನಿ ಕೆಲಸ ತೋರಿಸೋ ರಕ್ತಪರೀಕ್ಷೆ), ಮೂತ್ರದ ಪ್ರೋಟೀನ್ ನೋಡಿಸಬೇಕು. ನೋವು ಅಂದಾಗೆಲ್ಲ ಅಂಗಡಿಯ ನೋವಿನ ಮಾತ್ರೆ ನುಂಗಬಾರದು.

ಯಾರೇ 'ಕೊಡ್ತೀನಿ' ಅಂದರೂ ಇಂಜೆಕ್ಷನ್ ಬಿಡಬೇಡಿ. ರಕ್ತ ಹಾಕಲೇಬೇಕು ಅಂದರೆ ಬಿಳಿ ಕಣ ಸೋಸಿದ್ದು ಸಿಗುತ್ತಾ ಅಂತ ಕೇಳಿ.