ಡಾರ್ಟ್ಸ್ ಪ್ರಶ್ನೋತ್ತರ: ಮೂರು ಜಿಲ್ಲೆ, ಒಂದೇ ಅಳತೆ

ಕಲಬುರಗಿ, ಬೀದರ್, ಯಾದಗಿರಿ ಭಾಗದಲ್ಲಿ ಡಾರ್ಟ್ಸ್ ಸರಣಿ ನಡೆಸಲು ಹೊರಟವರ ಪ್ರಶ್ನೆಗಳಿಗೆ ಈ ಸಲ ಉತ್ತರ.

ಪ್ರಶ್ನೆ: ಮೂರೂ ಜಿಲ್ಲೆ ಸುತ್ತುವ ಸರಣಿ ಶುರು ಮಾಡಬೇಕೆಂದಿದ್ದೇವೆ. ಇರುವುದು ನಾಲ್ಕೇ ಬೋರ್ಡು. 32 ಜನರ ಆಟ ಒಂದೇ ದಿನ ಮುಗಿಯುತ್ತದೆಯೇ? ಅಂಕ ಹೇಗೆ ಕೊಡಬೇಕು?
– ಹುಮನಾಬಾದ್‌ನ ಓದುಗರು

ಉತ್ತರ: ಮುಗಿಯುತ್ತದೆ. ಆದರೆ ಗಡಿಯಾರದ ಲೆಕ್ಕ ಮೊದಲೇ ಹಾಕಿಕೊಳ್ಳಿ. ನಾಲ್ವರ ಎಂಟು ಗುಂಪು ಮಾಡಿದರೆ ಗುಂಪಿಗೆ ಆರರಂತೆ 48 ಪಂದ್ಯ. ಮೂರು ಡಾರ್ಟಿಗೆ ಸರಾಸರಿ 45 ಅಂಕ ಗಳಿಸುವವರಿಗೆ 501ರ ಒಂದು ಲೆಗ್ (501ರಿಂದ ಕಳೆಯುತ್ತಾ ಸೊನ್ನೆಗೆ ಇಳಿಸುವ ಒಂದು ಆಟ) ಮುಗಿಸಲು ಏಳೆಂಟು ನಿಮಿಷ ಬೇಕು. ಗುಂಪಿನ ಹಂತದಲ್ಲಿ ಮೂರು ಲೆಗ್‌ಗಳಲ್ಲಿ ಎರಡು ಗೆದ್ದವರಿಗೆ ಪಂದ್ಯ ಎಂದಿಟ್ಟುಕೊಂಡರೆ ಪಂದ್ಯಕ್ಕೆ ಸುಮಾರು 20 ನಿಮಿಷ. ಬೋರ್ಡಿಗೆ ಎರಡು ಗುಂಪು, 12 ಪಂದ್ಯ, ನಾಲ್ಕು ಗಂಟೆ. ಗುಂಪಿನಿಂದ ಇಬ್ಬರಂತೆ ಉಳಿದ 16 ಜನರಿಗೆ ಐದರಲ್ಲಿ ಮೂರು ಲೆಗ್‌ನ ನಾಕೌಟ್ ಇಟ್ಟರೆ ಫೈನಲ್ ಸೇರಿ ಇನ್ನು ಎರಡೂವರೆಯಿಂದ ಮೂರು ಗಂಟೆ. ಬೆಳಿಗ್ಗೆ 9ಕ್ಕೆ ಮೊದಲ ಡಾರ್ಟ್ ಬಿದ್ದರೆ ದೂರದವರು ಸಂಜೆಯ ಬಸ್ಸು, ರೈಲು ಹಿಡಿಯಬಹುದು.

ದಿನ ಹಾಳಾಗುವುದು ಡಬಲ್‌ನಲ್ಲಿ. ಕೊನೆಯ ಡಾರ್ಟ್ ಡಬಲ್‌ಗೇ (ಅಂಕ ಎರಡರಷ್ಟಾಗುವ ಅಂಚಿನ ತೆಳು ಪಟ್ಟಿಗೇ) ಬೀಳಬೇಕಲ್ಲ, ಹೊಸಬರು ಅಲ್ಲಿ ಹತ್ತು ಹದಿನೈದು ನಿಮಿಷ ಸಿಕ್ಕಿಬೀಳುತ್ತಾರೆ. ಗುಂಪಿನ ಹಂತಕ್ಕೆ ಮಾತ್ರ ಒಂದು ಮಿತಿ ಹಾಕಿ: ತಲಾ 20 ಸರದಿ (ಸರದಿಗೆ ಮೂರು ಡಾರ್ಟ್) ಕಳೆದರೂ ಲೆಗ್ ಮುಗಿಯದಿದ್ದರೆ ಇಬ್ಬರೂ ಬೋರ್ಡಿನ ನಟ್ಟನಡುವಿನ ಬುಲ್‌ಗೆ ಒಂದೊಂದು ಡಾರ್ಟ್ ಎಸೆಯಲಿ, ಹತ್ತಿರ ಬಿದ್ದವರಿಗೆ ಲೆಗ್. ನಾಕೌಟ್‌ನಲ್ಲಿ ಈ ಮಿತಿ ಬೇಡ. ಡಬಲ್ ಹೊಡೆದೇ ಗೆಲ್ಲುವುದು ಈ ಆಟದ ಜೀವ. ಒಂದು ಗುಂಪು ಆಡುವಾಗ ಅದೇ ಬೋರ್ಡಿನ ಇನ್ನೊಂದು ಗುಂಪಿನವರು ಅಂಕ ಬರೆಯಲಿ, ನಾಕೌಟ್‌ನಲ್ಲಿ ಸೋತವರು ಬರೆಯಲಿ. ಇದನ್ನು ಹೆಸರು ನೋಂದಾಯಿಸುವಾಗಲೇ ಹೇಳಿಬಿಡಿ.

ಅಂಕಕ್ಕೆ ಒಂದು ಮಾದರಿ: ಗೆದ್ದವರಿಗೆ 20, ಎರಡನೆಯವರಿಗೆ 14, ಸೆಮಿಫೈನಲ್‌ನಲ್ಲಿ ಸೋತವರಿಗೆ 9, ಕ್ವಾರ್ಟರ್‌ಫೈನಲ್‌ನಲ್ಲಿ 5, ಕೊನೆಯ 16ರಲ್ಲಿ 2, ಬಂದು ಆಡಿದ ಉಳಿದವರಿಗೆ 1. ಜಿಲ್ಲೆಗೆ ಎರಡರಂತೆ ಆರು ಸುತ್ತು ನಡೆಸಿ, ಅತ್ಯುತ್ತಮ ನಾಲ್ಕನ್ನು ಮಾತ್ರ ಲೆಕ್ಕಕ್ಕೆ ಹಿಡಿಯಿರಿ. ಆರಕ್ಕೆ ಆರನ್ನೂ ಎಣಿಸಿದರೆ ಸುರಪುರದಿಂದ ಬೀದರ್‌ಗೆ ಒಮ್ಮೆ ಬರಲಾಗದವನ ಆಸೆ ಅಲ್ಲಿಗೇ ಮುಗಿಯುತ್ತದೆ, ಮುಂದಿನ ಸುತ್ತಿಗೂ ಅವನು ಬರುವುದಿಲ್ಲ. ಎರಡನೇ ಸುತ್ತಿನಿಂದ ಅಂಕಪಟ್ಟಿಯ ಮೊದಲ ಎಂಟು ಜನರನ್ನು ಎಂಟು ಗುಂಪಿಗೆ ಹಂಚಿ, ಉಳಿದವರದು ಚೀಟಿ ಎತ್ತಿ. ಆರೂ ದಿನಾಂಕಗಳನ್ನು ಮೊದಲೇ ಪ್ರಕಟಿಸಿ, ಏನೇ ಆದರೂ ಬದಲಿಸಬೇಡಿ. ಬಹುಮಾನದ ಹಣ ಕಡಿಮೆ ಇದ್ದರೆ ಟ್ರೋಫಿ ಚಿಕ್ಕದು ಮಾಡಿ, ಕ್ವಾರ್ಟರ್‌ಫೈನಲ್‌ವರೆಗೆ ಬಂದವರ ಬಸ್ ಖರ್ಚಾದರೂ ಹುಟ್ಟುವಂತೆ ಹಂಚಿ.

ಪ್ರಶ್ನೆ: ಮನೆಯ ಬೋರ್ಡಿನಲ್ಲಿ ಚೆನ್ನಾಗಿ ಆಡುತ್ತೇನೆ, ಬೇರೆ ಊರಲ್ಲಿ ಡಾರ್ಟೆಲ್ಲ ಕೆಳಗೆ ಬೀಳುತ್ತವೆ.
– ಯಾದಗಿರಿಯ ಓದುಗರು

ಉತ್ತರ: ಮೊದಲು ಟೇಪು ಹಿಡಿದು ಅಳೆಯಿರಿ. ನೆಲದಿಂದ ಬುಲ್‌ನ ನಡುವಿಗೆ 173 ಸೆಂ.ಮೀ., ಬೋರ್ಡಿನ ಮುಖದಿಂದ ಎಸೆಯುವ ಗೆರೆಗೆ 237 ಸೆಂ.ಮೀ. ಗೋಡೆಯಿಂದ ಅಳೆಯುವುದೇ ಸಾಮಾನ್ಯ ತಪ್ಪು. ಬೋರ್ಡೇ ಸುಮಾರು 4 ಸೆಂ.ಮೀ. ದಪ್ಪ, ಅಷ್ಟು ಹತ್ತಿರ ನಿಂತು ಅಭ್ಯಾಸವಾದ ಕೈ ಸರಿಯಾದ ಗೆರೆಯಲ್ಲಿ ಕೆಳಗೇ ಎಸೆಯುತ್ತದೆ. ಬೋರ್ಡಿನ ಮುಖದಿಂದ ತೂಗುಗುಂಡು ಇಳಿಬಿಟ್ಟು, ಅದು ಮುಟ್ಟಿದಲ್ಲಿಂದ ಅಳೆಯಿರಿ. ತೊಳೆದ ನೀರು ಹರಿಯಲೆಂದು ನೆಲಕ್ಕೆ ಇಳಿಜಾರು ಕೊಟ್ಟಿದ್ದರೆ ಎತ್ತರವನ್ನು ಆಟಗಾರ ನಿಲ್ಲುವ ಜಾಗದ ಮಟ್ಟದಿಂದ ಹಿಡಿಯಬೇಕು. ಗೌಂಡಿಗಳ ನೀರು ತುಂಬಿದ ಪೈಪು ಇದಕ್ಕೆ ಸಾಕು. ಕಾಲ ಕೆಳಗೆ ಮ್ಯಾಟ್ ಇದ್ದರೆ ಅದರ ಮೇಲಿನಿಂದ ಅಳತೆ. ಎತ್ತರ ಸರಿಯಾದ ಮೇಲೆ ಬುಲ್‌ನಿಂದ ಗೆರೆಗೆ ಓರೆಯಾಗಿ ಹಿಗ್ಗದ ದಾರ ಹಿಡಿಯಿರಿ: 293 ಸೆಂ.ಮೀ. ಬರಬೇಕು. ಈ ಉದ್ದಕ್ಕೆ ಗಂಟು ಹಾಕಿದ ಒಂದೇ ದಾರ ಮೂರೂ ಜಿಲ್ಲೆಗೆ ಹೋಗಲಿ.

ಪ್ರಶ್ನೆ: ಹೊಸ ಬೋರ್ಡು ಆರು ತಿಂಗಳಲ್ಲೇ ಉಬ್ಬಿದೆ, ಡಾರ್ಟ್ ನಿಲ್ಲುವುದಿಲ್ಲ. ನೀರು ಚಿಮುಕಿಸಿದರೆ ಸರಿಹೋಗುತ್ತದೆಯೇ?
– ಕಲಬುರಗಿಯ ಓದುಗರು

ಉತ್ತರ: ಖಂಡಿತ ಬೇಡ. ನೀರಲ್ಲಿ ನೆನೆಸುತ್ತಿದ್ದುದು ಹಳೆಯ ಕಾಲದ ಮರದ ಬೋರ್ಡು. ಈಗಿನದು ಸಿಸಾಲ್, ಅಂದರೆ ಕತ್ತಾಳೆ ಜಾತಿಯ ನಾರನ್ನು ಒತ್ತಿ ಕೂರಿಸಿದ್ದು. ಡಾರ್ಟ್ ಎಳೆಗಳ ನಡುವೆ ನುಗ್ಗುತ್ತದೆ, ತೆಗೆದಾಗ ಎಳೆಗಳು ಮತ್ತೆ ಕೂಡಿಕೊಳ್ಳುತ್ತವೆ. ತೇವ ಹೀರಿದರೆ ನಾರು ಊದಿ ಬೋರ್ಡು ಉಬ್ಬುತ್ತದೆ. ಬೇಸಿಗೆಯಲ್ಲಿ ಏರ್‌ಕೂಲರ್‌ನ ಹಸಿ ಗಾಳಿ ನೇರ ಬೋರ್ಡಿಗೆ ಬಡಿಯುವಂತೆ ಇಟ್ಟಿದ್ದರೆ ಇಂದೇ ತಿರುಗಿಸಿ.

ಇನ್ನೊಂದು ಶತ್ರು ನಮ್ಮ ಶಹಾಬಾದ್ ಕಲ್ಲಿನ ನೆಲ. ಅದರ ಮೇಲೆ ಬಿದ್ದ ಡಾರ್ಟಿನ ತುದಿ ಮಡಿಚಿ ಸಣ್ಣ ಕೊಕ್ಕೆಯಾಗುತ್ತದೆ, ಪ್ರತಿ ಸಲ ಹೊರಬರುವಾಗ ನಾರನ್ನು ಕಿತ್ತು ತರುತ್ತದೆ. ತುದಿಯನ್ನು ಹತ್ತಿಬಟ್ಟೆಯ ಮೇಲೆ ಎಳೆದು ನೋಡಿ. ಎಳೆ ಸಿಕ್ಕಿದರೆ ಸಾಣೆಕಲ್ಲಿನ ಮೇಲೆ ತಿರುಗಿಸುತ್ತಾ ಉಜ್ಜಿ. ಸೂಜಿಯಷ್ಟು ಚೂಪು ಮಾಡಬೇಡಿ, ಅದು ನಾರನ್ನೇ ಕತ್ತರಿಸುತ್ತದೆ. ತುದಿ ತುಸು ಗುಂಡಗಿರಲಿ. ಬೋರ್ಡಿನ ಕೆಳಗೆ ರಬ್ಬರ್ ಮ್ಯಾಟ್, ಇಲ್ಲದಿದ್ದರೆ ಮಡಿಸಿದ ಜಮಖಾನ ಹಾಸಿ. ಡಾರ್ಟನ್ನು ಜಗ್ಗದೆ ತಿರುಗಿಸಿ ತೆಗೆಯಿರಿ. ಎಲ್ಲರೂ 20ಕ್ಕೇ ಎಸೆಯುವುದರಿಂದ ಅಲ್ಲಿ ಬೇಗ ಸವೆಯುತ್ತದೆ. ವಾರಕ್ಕೊಮ್ಮೆ ಅಂಕಿಗಳ ಬಳೆ ಬಿಚ್ಚಿ, ಬೋರ್ಡನ್ನು ಎರಡು ಮನೆ ತಿರುಗಿಸಿ ಮತ್ತೆ ಹಾಕಿ. ಒಂದೇ ಮನೆ ತಿರುಗಿಸಿದರೆ 20 ಕಪ್ಪಿನ ಬದಲು ಬಿಳಿಗೆ ಬರುತ್ತದೆ.

ಪ್ರಶ್ನೆ: ಹುಡುಗಿಯರಿಗೆ ಬೇರೆ ಸರಣಿ ಬೇಕೇ?
– ಬೀದರ್‌ನ ಓದುಗರು

ಉತ್ತರ: ಒಂದೇ ಸರಣಿಯಲ್ಲಿ ಆಡಲಿ. ಎತ್ತರ, ದೂರ ಎಲ್ಲರಿಗೂ ಅದೇ. 2019ರ ಡಿಸೆಂಬರ್‌ನಲ್ಲಿ ಲಂಡನ್ನಿನ ಅಲೆಕ್ಸಾಂಡ್ರಾ ಪ್ಯಾಲೇಸ್‌ನಲ್ಲಿ ಫ್ಯಾಲನ್ ಶೆರಾಕ್ ಅವರು ಟೆಡ್ ಎವೆಟ್ಸ್ ಅವರನ್ನು ಸೋಲಿಸಿ, ವೃತ್ತಿಪರ ಡಾರ್ಟ್ಸ್ ನಡೆಸುವ ಪಿಡಿಸಿ ಸಂಸ್ಥೆಯ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಪಂದ್ಯ ಗೆದ್ದ ಮೊದಲ ಮಹಿಳೆಯಾದರು.

ಪ್ರಶ್ನೆ: ಇಲ್ಲಿಂದ ವೃತ್ತಿಪರ ಆಟಕ್ಕೆ ದಾರಿ ಇದೆಯೇ?
– ಶಹಾಪುರದ ಓದುಗರು

ಉತ್ತರ: ಇದೆ, ಉದ್ದದ್ದು. ಪಿಡಿಸಿಯ ಮುಖ್ಯ ಸರಣಿಗೆ 128 ಜನರಿಗಷ್ಟೇ ಟೂರ್ ಕಾರ್ಡ್; ಕ್ಯೂ ಸ್ಕೂಲ್ ಎಂಬ ಅರ್ಹತಾ ಪಂದ್ಯಗಳಲ್ಲಿ ಗಳಿಸಿದರೆ ಎರಡು ವರ್ಷ ನಡೆಯುತ್ತದೆ. ಏಷ್ಯಾದವರಿಗೆ 2018ರಿಂದ ಏಷ್ಯನ್ ಟೂರ್ ಇದೆ. ಭಾರತದ ನಿತಿನ್ ಕುಮಾರ್ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಆಡಿದ್ದಾರೆ. ಆ ಮಟ್ಟದಲ್ಲಿ ಸರಾಸರಿ 90 ದಾಟುವುದು ಮಾಮೂಲು. ನಿಮ್ಮದು ಎಷ್ಟೆಂದು ಇಂದಿನಿಂದಲೇ ಬರೆದಿಡಿ: ಗಳಿಸಿದ ಅಂಕವನ್ನು ಎಸೆದ ಡಾರ್ಟುಗಳಿಂದ ಭಾಗಿಸಿ ಮೂರರಿಂದ ಗುಣಿಸಿ. 501ನ್ನು 24 ಡಾರ್ಟಿನಲ್ಲಿ ಮುಗಿಸಿದರೆ 62.6. ಒಂದು ಒಳ್ಳೆಯ ಲೆಗ್ ನೋಡಿ ಹಿಗ್ಗಬೇಡಿ, ಕೊನೆಯ 50 ಲೆಗ್‌ಗಳ ಸರಾಸರಿ ತೆಗೆಯಿರಿ. ಡಬಲ್‌ಗೆ ಎಸೆದದ್ದೆಷ್ಟು, ಬಿದ್ದದ್ದೆಷ್ಟು ಎಂಬುದನ್ನು ಪಕ್ಕದಲ್ಲೇ ಬೇರೆ ಬರೆಯಿರಿ.