ಓದುಗರ ಪ್ರಶ್ನೆ: ಊಟ ಕೆಟ್ಟಿದ್ದರೆ ದೂರು ಯಾರಿಗೆ, ಪುರಾವೆ ಏನು?

ಪ್ರಶ್ನೆ: ಖಾನಾವಳಿಯೊಂದರಿಂದ ಪಾರ್ಸೆಲ್ ತಂದು ಉಂಡ ರಾತ್ರಿಯೇ ನಮ್ಮ ಮನೆಯ ಮೂವರಿಗೆ ವಾಂತಿ-ಭೇದಿಯಾಯಿತು. ಉಳಿದ ಪಲ್ಯವನ್ನು ಡಬ್ಬಿಯಲ್ಲಿ ಹಾಕಿ ಮರುದಿನ ತೋರಿಸಿದರೆ, ಮಾಲೀಕರು 'ಅದು ನಿಮ್ಮ ಮನೆಯಲ್ಲೇ ಕೆಟ್ಟಿದೆ' ಎಂದುಬಿಟ್ಟರು. ಜಾತ್ರೆ, ಹಬ್ಬಗಳಲ್ಲಿ ಮಾತ್ರ ಕಾಣುವ ಅಧಿಕಾರಿಗಳನ್ನು ನಂಬಿ ಕೂಡಬೇಕೇ?
– ಓದುಗರೊಬ್ಬರು, ಕಲಬುರಗಿ

ಉತ್ತರ: ನಿಮ್ಮ ಸಂಕಟ ನ್ಯಾಯವಾದದ್ದೇ. ಆದರೆ ಒಂದು ರಾತ್ರಿ ಮನೆಯಲ್ಲಿದ್ದ ಪಲ್ಯ ಕಾನೂನಿನ ಮುಂದೆ ಪುರಾವೆಯಾಗಿ ನಿಲ್ಲುವುದು ಕಷ್ಟ. 5ರಿಂದ 60 ಡಿಗ್ರಿ ಸೆಲ್ಸಿಯಸ್ ನಡುವಿನ ಶಾಖದಲ್ಲಿ ರೋಗಾಣುಗಳು ವೇಗವಾಗಿ ಬೆಳೆಯುವುದರಿಂದ, ಅದರಲ್ಲೂ ನಮ್ಮ ಭಾಗದ ಬೇಸಿಗೆಯಲ್ಲಿ, ಅವು ಖಾನಾವಳಿಯಲ್ಲಿ ಸೇರಿದವೋ ನಿಮ್ಮ ಡಬ್ಬಿಯಲ್ಲಿ ಬೆಳೆದವೋ ಎಂದು ಯಾವ ಪ್ರಯೋಗಾಲಯವೂ ಖಚಿತವಾಗಿ ಹೇಳಲಾರದು. ಕೆಲವು ರೋಗಾಣುಗಳು ಉಂಡ ಕೆಲವೇ ಗಂಟೆಗಳಲ್ಲಿ ಕಾಡಿದರೆ, ಇನ್ನು ಕೆಲವು ಎರಡು-ಮೂರು ದಿನ ತಡೆದು ಕಾಣಿಸಿಕೊಳ್ಳುತ್ತವೆ ಎಂಬುದನ್ನೂ ನೆನಪಿಡಬೇಕು. ಆದ್ದರಿಂದ ಮೂವರೂ ಉಂಡದ್ದು ಏನು, ಯಾವ ಹೊತ್ತಿಗೆ ಎಂದು ಬರೆದಿಟ್ಟು, ವೈದ್ಯರ ಚೀಟಿ ಮತ್ತು ಊಟದ ಬಿಲ್ಲನ್ನು ಜೋಪಾನ ಮಾಡಿ.

ಇವುಗಳೊಡನೆ ತಡಮಾಡದೆ ಜಿಲ್ಲೆಯ ಆಹಾರ ಸುರಕ್ಷತಾ ಅಂಕಿತಾಧಿಕಾರಿಗಳ ಕಚೇರಿಗೆ ಲಿಖಿತ ದೂರು ಕೊಡಿ. ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆ, 2006ರ ಪ್ರಕಾರ ಆಹಾರ ಸುರಕ್ಷತಾಧಿಕಾರಿಗಳು ಅಡುಗೆಮನೆಗೇ ಪ್ರವೇಶಿಸಿ, ನೀರಿನ ತೊಟ್ಟಿ, ಹಿಟ್ಟು ಕಲಸುವ ಕಟ್ಟೆ, ಕರಿದ ಎಣ್ಣೆ, ಕೆಲಸಗಾರರ ಆರೋಗ್ಯ ತಪಾಸಣೆಯ ದಾಖಲೆ ಎಲ್ಲವನ್ನೂ ನೋಡಬಹುದು. ಅವರು ತೆಗೆಯುವ ಮಾದರಿಯನ್ನು ನಾಲ್ಕು ಭಾಗ ಮಾಡಿ ಮೊಹರು ಹಾಕಿ, ಒಂದನ್ನು ಆಹಾರ ವಿಶ್ಲೇಷಕರಿಗೆ ಕಳಿಸುತ್ತಾರೆ. ವಿಶ್ಲೇಷಕರು 14 ದಿನಗಳಲ್ಲಿ ವರದಿ ಕೊಡಬೇಕು. ವಿಭಾಗೀಯ ಆಹಾರ ಪ್ರಯೋಗಾಲಯ ಕಲಬುರಗಿಯಲ್ಲಿಯೇ ಇದೆ. ಕೊಳಕು ಸ್ಥಳದಲ್ಲಿ ಆಹಾರ ತಯಾರಿಸಿದ್ದಕ್ಕೆ 1 ಲಕ್ಷ ರೂಪಾಯಿವರೆಗೆ ದಂಡವಿದೆ, ಅಸುರಕ್ಷಿತ ಆಹಾರ ಮಾರಿದ್ದು ಸಾಬೀತಾದರೆ ಜೈಲೂ ಆಗಬಹುದು. ಸಣ್ಣ ಕೊರತೆಗಳಿಗೆ ಮೊದಲು ಸುಧಾರಣಾ ನೋಟಿಸ್ ಬರುತ್ತದೆ. ಅದಕ್ಕೂ ಜಗ್ಗದಿದ್ದರೆ ಪರವಾನಗಿ ಅಮಾನತಾಗುತ್ತದೆ.

ಅನೇಕರಿಗೆ ತಿಳಿಯದ ಹಕ್ಕೊಂದು ಇದೇ ಕಾಯ್ದೆಯ 40ನೇ ಕಲಮಿನಲ್ಲಿದೆ. ಶುಲ್ಕ ಕಟ್ಟಿ ಯಾವ ಗ್ರಾಹಕರಾದರೂ ತಾವು ಕೊಂಡ ಆಹಾರವನ್ನು ವಿಶ್ಲೇಷಕರಿಂದ ಪರೀಕ್ಷೆ ಮಾಡಿಸಬಹುದು, ಆದರೆ ಕೊಳ್ಳುವಾಗಲೇ 'ಇದನ್ನು ಪರೀಕ್ಷೆಗೆ ಕೊಡುತ್ತೇನೆ' ಎಂದು ಅಂಗಡಿಯವರಿಗೆ ತಿಳಿಸಿರಬೇಕು. ದೋಷ ಕಂಡುಬಂದರೆ ಕಟ್ಟಿದ ಶುಲ್ಕ ಮರಳಿ ಬರುತ್ತದೆ. ಮುಂದಿನ ಸಲ ಅನುಮಾನ ಬಂದರೆ ಈ ದಾರಿ ಹಿಡಿಯಿರಿ.

ಜಾತ್ರೆಯ ತಪಾಸಣೆ ಬೇಕೇಬೇಕು. ಶರಣಬಸವೇಶ್ವರರ ಜಾತ್ರೆಯಂಥ ಜನಜಂಗುಳಿಯಲ್ಲಿ ಒಂದು ಕೆಟ್ಟ ನೀರಿನ ಡ್ರಮ್ಮು ನೂರಾರು ಜನರನ್ನು ಮಲಗಿಸಬಲ್ಲದು. ಆದರೆ ನಿತ್ಯ ಬೆಳಿಗ್ಗೆ ಸುಸಲಾ, ಮಿರ್ಚಿ ಕಟ್ಟಿಕೊಡುವ ಬಂಡಿಯ ಹಳೆಯ ಪತ್ರಿಕೆಯ ಚೂರು, ಅದರ ಮಸಿ ಎಣ್ಣೆಗೆ ಹತ್ತಿ ಮಿರ್ಚಿಗೆ ಅಂಟುವುದು ಎಂದಿನ ಸಂಗತಿ. ಪತ್ರಿಕೆಯಲ್ಲಿ ಆಹಾರ ಕಟ್ಟುವುದನ್ನು 2018ರ ಪ್ಯಾಕೇಜಿಂಗ್ ನಿಯಮಗಳು ನಿಷೇಧಿಸಿವೆ. ತಪಾಸಣೆಯ ಬಿಗಿ ಮೊದಲು ಇಂಥ ನಿತ್ಯದ ಅಂಗಡಿಗಳಲ್ಲಿ ಕಾಣಬೇಕು, ಬಂಡಿಯವರಿಗೆ ದಂಡಕ್ಕಿಂತ ಮುಂಚೆ ತಿಳಿವಳಿಕೆಯೂ ಸಿಗಬೇಕು ಎಂಬುದು ನಮ್ಮ ಖಚಿತ ಅಭಿಪ್ರಾಯ.

ಪ್ರಶ್ನೆ: ತೊಗರಿ ಬೇಳೆ ನೆನೆಸಿದ ಕೂಡಲೇ ನೀರು ಅರಿಶಿಣವಾಗುತ್ತದೆ. ಇದು ಕಲಬೆರಕೆಯೇ?
– ಗೃಹಿಣಿ, ಆಳಂದ

ಉತ್ತರ: ಸಂಶಯಪಡಲು ಕಾರಣವಿದೆ. ಮೆಟಾನಿಲ್ ಹಳದಿ ಎಂಬ ನಿಷೇಧಿತ ಬಣ್ಣವನ್ನು ಬೇಳೆಗೆ ಹಚ್ಚುವುದುಂಟು. ಚಪ್ಪಟೆಯಾಗಿ ಕೋನಾಕಾರದಲ್ಲಿ ಕಾಣುವ ಕೇಸರಿ ಬೇಳೆ ಬೆರೆಸಿದ್ದರೆ ಇನ್ನೂ ಕೆಟ್ಟದ್ದು. ಬಹಳ ದಿನ ತಿಂದರೆ ಕಾಲಿನ ಶಕ್ತಿಯನ್ನೇ ಕಳೆಯುತ್ತದೆ. ಭೌಗೋಳಿಕ ಸೂಚ್ಯಂಕದ ಮಾನ್ಯತೆ ಪಡೆದ ನಮ್ಮ ಕಲಬುರಗಿ ತೊಗರಿಯ ಹೆಸರಿಗೂ ಇದು ಕಳಂಕ. ಬಣ್ಣ ಪರೀಕ್ಷೆಗೆಂದು ಮನೆಯಲ್ಲಿ ಆಮ್ಲ ಬಳಸಬೇಡಿ. ಅದೇ ಅಂಗಡಿಯ ಬಿಡಿಸದ ಪಾಕೀಟು ಮತ್ತು ಬಿಲ್ಲಿನ ಸಮೇತ ಅಂಕಿತಾಧಿಕಾರಿಗಳಿಗೆ ದೂರು ಕೊಡಿ.